ನಂಬಿಕೆ ಸರಬರಾಜಿಗೆ ಟೆಂಡರ್

ನಮ್ಮಲ್ಲಿ ಯಾವುದಕ್ಕೆ ಕೊರತೆ ಬಿದ್ದರೂ ಸರ್ಕಾರ ಅದಕ್ಕೊಂದು ಯೋಜನೆ ಮಾಡುತ್ತದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರಿಗೆ ಮಾತ್ರೆ, ಅಯೋಡಿನ್ ಕಡಿಮೆಯಾದವರಿಗೆ ಉಪ್ಪು, ನಂಬಿಕೆ ಕಡಿಮೆಯಾದವರಿಗೆ ಫ್ಲೆಕ್ಸ್. ಲಸಿಕೆ ಶಿಬಿರದಲ್ಲಿ ಕುರ್ಚಿಗಳು ಖಾಲಿ ಉಳಿದ ದಿನ ಸಂಜೆ ಸಭೆ ಸೇರುವವರು ಕುರ್ಚಿ ಯಾಕೆ ಖಾಲಿ ಎಂದು ಕೇಳುವುದಿಲ್ಲ. ಬಾರದವರ ತಲೆಯೊಳಗೆ ಏನು ಖಾಲಿ ಎಂದು ಕೇಳುತ್ತಾರೆ. ಉತ್ತರ ಸಭೆಗೆ ಮೊದಲೇ ಟೈಪಾಗಿ ಬಂದಿರುತ್ತದೆ: ಅರಿವಿನ ಕೊರತೆ, ಮೂಢನಂಬಿಕೆ, ವದಂತಿ, 'ನಿರ್ದಿಷ್ಟ ಸಮುದಾಯ'ದ ಹಿಂಜರಿಕೆ. ಸಹಿ, ಸೀಲು, ಬಿಸ್ಕತ್ತು, ಚಹ. ಸಭೆ ಮುಕ್ತಾಯ.

ಈಚಿನ ವರ್ಷಗಳಲ್ಲಿ ಈ ಕೊರತೆಗೆ ಹೊಸ ಔಷಧ ಬಂದಿದೆ. ಸಾರಾಸಗಟು ಜಾಹೀರಾತು ಬೇಡ, ಆಯಾ ಸಮುದಾಯದ ಸಂಸ್ಕೃತಿಗೆ ಒಪ್ಪುವ ಜಾಹೀರಾತು ಬೇಕು ಎಂದು ಜಗತ್ತಿನ ತಜ್ಞರೆಲ್ಲ ಹೇಳುತ್ತಿದ್ದಾರೆ. ಮಾತು ತಪ್ಪಲ್ಲ. ಆದರೆ ತಜ್ಞರ ಬಾಯಿಂದ ಹೊರಟ ಸಂಸ್ಕೃತಿ ಟೆಂಡರ್ ಅರ್ಜಿಯೊಳಗೆ ಇಳಿಯುವ ಹೊತ್ತಿಗೆ ಬರೀ ಬಟ್ಟೆಯಾಗಿರುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲೂಕುಗಳಿಗೆ ಇಂಥದೊಂದು ಪ್ಯಾಕೇಜ್ ತಯಾರಾದರೆ ಹೇಗಿರುತ್ತದೆ ಎಂದು ಊಹಿಸಲು ಜ್ಯೋತಿಷ ಬೇಕಿಲ್ಲ. ಬೆಂಗಳೂರಿನ ಕಂಪ್ಯೂಟರಿನಲ್ಲಿ ಒಂದು ಮಗು, ಒಂದು ಸಿರಿಂಜು, ನಗುವ ನರ್ಸು. ಶಿರಾಳಕೊಪ್ಪದ ಮುಸ್ಲಿಂ ಓಣಿಗಳಿಗೆ ಕಳಿಸುವುದಾದರೆ ಮಗುವಿನ ತಲೆಗೆ ಟೋಪಿ, ಹಿನ್ನೆಲೆಗೆ ಹಸಿರು, ಮೂಲೆಗೊಂದು ಅರ್ಧಚಂದ್ರ. ಶಿಕಾರಿಪುರದ ತಾಂಡಾಗಳಿಗೆ ಕಳಿಸುವುದಾದರೆ ಅದೇ ಮಗುವಿನ ತಾಯಿಗೆ ಕನ್ನಡಿ ಹೊಲಿದ ಲಂಗ. ಸೊರಬದ ಕಾಡಂಚಿಗಾದರೆ ಹಿಂದೆ ಎರಡು ಮರ, ಮುಂದೆ ಹೆಗಲ ಮೇಲೆ ಕಂಬಳಿ ಹೊದ್ದ ಮುದುಕ. ಮಗು ಅದೇ, ಸಿರಿಂಜು ಅದೇ, ಘೋಷಣೆಯೂ ಅದೇ. ಎಲ್ಲ ಫ್ಲೆಕ್ಸುಗಳಲ್ಲೂ ಬದಲಾಗದೆ ಉಳಿಯುವ ಸಂಸ್ಕೃತಿ ಇನ್ನೊಂದಿದೆ: ನೆತ್ತಿಯ ಮೇಲೆ ಸಾಲಾಗಿ ಕೂತ ಗಣ್ಯರ ಭಾವಚಿತ್ರ. ಅಲ್ಲಿ ಸಿರಿಂಜಿಗಿಂತ ಶಾಸಕರು ದೊಡ್ಡವರು, ಮಗುವಿಗಿಂತ ಮಂತ್ರಿಗಳು ಗುಂಡಗಿದ್ದಾರೆ. ಸಹಾಯವಾಣಿಯ ನಂಬರು ಮಾತ್ರ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಕೆಳಗಡೆ, ಹಗ್ಗ ಕಟ್ಟುವ ತೂತಿನ ಪಕ್ಕ.

ಈ ಫ್ಲೆಕ್ಸಿನಿಂದ ಜನರಿಗೆ ಪ್ರಯೋಜನವೇ ಇಲ್ಲ ಎಂದರೆ ಸುಳ್ಳಾದೀತು. ಮಳೆಗಾಲ ಹಿಡಿಯುವ ಮುಂಚೆ ಅದು ಸೌದೆ ರಾಶಿಯ ಮೇಲೋ ಕೊಟ್ಟಿಗೆಯ ಮಾಡಿನ ಮೇಲೋ ಬಂದು ಬಿದ್ದಿರುತ್ತದೆ. ಮಲೆನಾಡಿನ ಮಳೆಯನ್ನು ತಡೆಯುವಷ್ಟು ಗಟ್ಟಿ ಮಾಲು. ಆರೋಗ್ಯ ಇಲಾಖೆ ಬಡವರಿಗೆ ಮುಟ್ಟಿಸಿದ ಅತ್ಯಂತ ಬಾಳಿಕೆಯ ಸವಲತ್ತು ಎಂದರೂ ನಡೆದೀತು.

ಲಸಿಕೆಗೆ ಮಾಡೆಲ್ ಹುಡುಕುವುದು ಕನ್ನಡ ನಾಡಿಗೆ ಹೊಸತೇನಲ್ಲ. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಮೈಸೂರಿನಲ್ಲಿ ಮೂವರು ಹೆಣ್ಣುಮಕ್ಕಳ ಚಿತ್ರ ಬರೆದ. ಬಹಳ ಕಾಲ ಅದನ್ನು ನರ್ತಕಿಯರ ಚಿತ್ರ ಎಂದೇ ತಿಳಿದಿದ್ದರು. ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು ಬಂದು, ಇವರು ಒಡೆಯರ ಅರಮನೆಯವರು, ಮುಮ್ಮಡಿ ಕೃಷ್ಣರಾಜರ ರಾಣಿ ದೇವಾಜಮ್ಮಣ್ಣಿ ಇವರಲ್ಲಿ ಒಬ್ಬರು, ಸಿಡುಬಿನ ಹೊಸ ಲಸಿಕೆಯ ಪ್ರಚಾರಕ್ಕಾಗಿ ಬರೆಸಿದ ಚಿತ್ರವಿದು ಎಂದು ವಾದಿಸಿದರು. ಆ ರಾಣಿ ಸೆರಗು ಸರಿಸಿ ಕೈ ಇಟ್ಟು ತೋರಿಸುತ್ತಿರುವುದು ಲಸಿಕೆ ಚುಚ್ಚಿದ ಜಾಗವನ್ನಂತೆ. ವಾದ ಸರಿಯಿದ್ದರೆ ನಮ್ಮ ಮೊದಲ ಲಸಿಕೆ ಜಾಹೀರಾತಿನ ಮರ್ಮ ತಿಳಿಯುತ್ತದೆ. ಅಲ್ಲಿ ಚಿತ್ರದಲ್ಲಿ ಕೈ ಇಟ್ಟು ತೋರಿಸುವವರೇ ಚುಚ್ಚಿಸಿಕೊಂಡವರು. ಇವತ್ತಿನ ಫ್ಲೆಕ್ಸಿನಲ್ಲಿ ಚಿತ್ರದಲ್ಲಿರುವವರು ಒಬ್ಬರು, ಚುಚ್ಚಿಸಿಕೊಳ್ಳಬೇಕಾದವರು ಇನ್ನೊಬ್ಬರು.

ಅರಮನೆಯ ಮಾತು ಅಲ್ಲಿಗೆ ಬಿಟ್ಟು ಕಾಡಿಗೆ ಬರೋಣ. ಲಸಿಕೆಯ ಮೇಲಿನ ನಂಬಿಕೆ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಎಂದು ಕಲಿಯಬೇಕಾದವರು ವಿದೇಶಕ್ಕೆ ಅಧ್ಯಯನ ಪ್ರವಾಸ ಹೋಗಬೇಕಿಲ್ಲ. ಸೊರಬದ ಬಸ್ಸು ಹತ್ತಿದರೆ ಸಾಕು.

1957ರ ಮಾರ್ಚಿನಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಊರುಗಳಲ್ಲಿ ಮನುಷ್ಯರಿಗೆ ಜ್ವರ. ಎರಡಕ್ಕೂ ನಂಟಿದೆ ಎಂದು ಊರವರು ಆಗಲೇ ಗುರುತಿಸಿದ್ದರು. ಮಂಗನ ಕಾಯಿಲೆ ಎಂಬ ಹೆಸರು ಯಾವ ಪ್ರಯೋಗಾಲಯದಲ್ಲೂ ಹುಟ್ಟಿದ್ದಲ್ಲ. ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂದು ದಿಗಿಲುಬಿದ್ದ ವಿಜ್ಞಾನಿಗಳು ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಓಡಿಬಂದರು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ತಂಡ ವೈರಸ್ಸನ್ನು ಬೇರ್ಪಡಿಸಿದರು. ಹಳದಿ ಜ್ವರ ಅಲ್ಲ, ಹೊಸದೇ ಒಂದು. ಹರಡುವುದು ಕಾಡಿನ ಉಣುಗು. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಸ್ಸಿನ ಚಹರೆ ಮಾತ್ರ ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ಸಿನ ದಾಯಾದಿಯ ಹಾಗಿತ್ತು.

ಇಲ್ಲಿಂದ ಅನುಮಾನದ ಇತಿಹಾಸ ಶುರು. ಅನುಮಾನ ಪಟ್ಟವರು ಹಳ್ಳಿಯವರಲ್ಲ, ಕನ್ನಡಕ ಹಾಕಿದವರು. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ರೆಕ್ಕೆಯೊಳಗೆ ಉಣುಗು ಇಟ್ಟುಕೊಂಡು ಬಂದವೇ ಎಂದು ಪರೀಕ್ಷೆ ನಡೆಯಿತು. ಸಲೀಂ ಅಲಿ ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಊರಲ್ಲಿ ಕಾಯಿಲೆ ಬಂದರೆ ಮೊದಲು ಹೊರಗಿನಿಂದ ಬಂದವರ ಮೇಲೆ ಕಣ್ಣು ಹೋಗುವುದು ವಿಜ್ಞಾನಕ್ಕೂ ತಪ್ಪಿದ್ದಲ್ಲ. ಮುಂದೆ ಆ ಹಕ್ಕಿ ಯೋಜನೆಗೆ ಅಮೆರಿಕದ ಸೈನ್ಯದ ದುಡ್ಡಿನ ನಂಟಿದೆ, ಇದರ ಹಿಂದೆ ರೋಗಾಣು ಯುದ್ಧದ ಲೆಕ್ಕಾಚಾರ ಇದ್ದೀತು ಎಂಬ ಗುಮಾನಿ ಎದ್ದು, 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೆ ಹೋಯಿತು. ಸಂಸದರು ಹೊರಗಿನ ದುಡ್ಡಿನ ಮೇಲೆ, ಹೊರಗಿನ ಉದ್ದೇಶದ ಮೇಲೆ ಅನುಮಾನಪಟ್ಟರೆ ಅದು ವರದಿ, ಅದಕ್ಕೆ ಪುಟಸಂಖ್ಯೆ ಇರುತ್ತದೆ. ಶಿರಾಳಕೊಪ್ಪದ ತಾಯಿಯೊಬ್ಬಳು 'ಈ ಸೂಜಿಯಲ್ಲಿ ಏನಿದೆ, ನನ್ನ ಮಗಳಿಗೇ ಯಾಕೆ?' ಎಂದರೆ ಅದು ವದಂತಿ, ಅದಕ್ಕೆ ಜಾಥಾ ಹೊರಡುತ್ತದೆ.

ಈಗ ಲಸಿಕೆಗೆ ಬನ್ನಿ. ಕಾಯಿಲೆ ಪತ್ತೆಯಾದ ಕೆಲವೇ ವರ್ಷಗಳಲ್ಲಿ ಶಿವಮೊಗ್ಗ ಜಿಲ್ಲೆಯ ಈ ಸೀಮೆಯ ಜನರ ಮೇಲೆ ರಷ್ಯಾ ದಾಯಾದಿಯ ಲಸಿಕೆಯನ್ನು ಪ್ರಯೋಗಿಸಿ ನೋಡಿದರು. ಫಲ ಕಾಣಲಿಲ್ಲ. ಮೂರು ದಶಕದ ಮೇಲೆ ನಮ್ಮದೇ ಲಸಿಕೆ ಬಂತು. ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಸಾಯಿಸಿ ಮಾಡಿದ್ದು. ತಯಾರಿ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. 1990ರಿಂದ ಚುಚ್ಚತೊಡಗಿದರು. 1990-92ರ ಅಧ್ಯಯನ ಎರಡು ಡೋಸಿಗೆ ಶೇ 93.5ರಷ್ಟು ರಕ್ಷಣೆ ಎಂದಿತು. ಭೇಷ್. 2005ರಿಂದ 2010ರವರೆಗಿನ ಅಂಕಿಅಂಶ ತೆಗೆದು ನೋಡಿದಾಗ ಎರಡು ಡೋಸಿನ ಫಲ ಶೇ 62.4ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿದರೆ 82.9. ಆಮೇಲಿನ ವರ್ಷಗಳಲ್ಲಿ ಲಸಿಕೆ ಹಾಕಿಸಿಕೊಂಡವರಿಗೂ ಕಾಯಿಲೆ ಬಂತು ಎಂಬ ವರದಿಗಳು ಒಂದರ ಹಿಂದೆ ಒಂದು ಬಂದವು. 2018-19ರಲ್ಲಿ ಪಕ್ಕದ ಸಾಗರ ತಾಲೂಕಿನ ಅರಳಗೋಡು ಸುತ್ತ ಸಾವುಗಳಾದವು. 2022ರ ಹೊತ್ತಿಗೆ ಲಸಿಕೆ ಕೊಡುವುದನ್ನೇ ನಿಲ್ಲಿಸಲಾಯಿತು. ಅದಕ್ಕೆ ಕಸುವು ಉಳಿದಿರಲಿಲ್ಲ.

ಈ ಲಸಿಕೆಯ ವೇಳಾಪಟ್ಟಿಯನ್ನೂ ಒಮ್ಮೆ ನೋಡಿ. ಮೊದಲ ಡೋಸು, ತಿಂಗಳು ಬಿಟ್ಟು ಎರಡನೆಯದು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರು, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಅಷ್ಟೂ ಸಲ ಸೊರಬದ ಜನ ತೋಳು ಒಡ್ಡಬೇಕಿತ್ತು. ಸೂಜಿಯ ನೋವು ಸಾಮಾನ್ಯದ್ದಲ್ಲ ಎನ್ನುವುದು ವೈದ್ಯರೇ ಬರೆದಿಟ್ಟ ಮಾತು. ಎರಡನೆಯ ಡೋಸಿಗೆ ಜನ ಬಾರದಿರಲು ಅದೂ ಒಂದು ಕಾರಣವಾಗಿತ್ತು. ಕಾಡಂಚಿನ ಮನೆಯ ಜಗುಲಿಯಲ್ಲಿ ನಡೆಯುತ್ತಿದ್ದ ಮಾತು ಹೆಚ್ಚುಕಡಿಮೆ ಹೀಗಿರುತ್ತಿತ್ತು:

"ದೊಡ್ಡಮ್ಮ, ಎರಡನೇ ಸೂಜಿ ಬಾಕಿ ಐತಲ್ಲ, ನಾಳೆ ಶಾಲೆ ಹತ್ರ ಬನ್ನಿ."

"ಹೋದ್ಸಲ ಚುಚ್ಚಿದ್ದಕ್ಕೆ ಎರಡು ದಿನ ಕೈ ಎತ್ತಕ್ಕಾಗ್ಲಿಲ್ಲ ಕಣೇ ತಂಗಿ. ಅಡಿಕೆ ಸುಲಿಯೋ ಟೈಮು. ಕೈ ಎತ್ತದಿದ್ರೆ ಕೂಲಿ ನೀ ಕೊಡ್ತೀಯಾ?"

"ಉಣುಗು ಕಚ್ಚದಂಗೆ ಕೊಟ್ಟ ಎಣ್ಣೆ ಆದ್ರೂ ಹಚ್ಕಂಡ್ ಹೋಗಿ ಮತ್ತೆ, ಕಾಡಿಗೆ."

"ಹಚ್ಕಂಡೇ ಹೋಗದು. ಬಿಸ್ಲಿಗೆ ಬೆವ್ರು ಬಂದ್ರೆ ಎಣ್ಣೆ ಎಲ್ಲಿ ನಿಲ್ತದೆ? ನಿಮ್ ಸಾಹೇಬ್ರನ್ನ ಒಂದಿನ ದರಗು ಗುಡ್ಸಕ್ಕೆ ಕಳ್ಸು, ಗೊತ್ತಾಗ್ತದೆ."

ಈ ಮಾತಿನಲ್ಲಿ ಮೂಢನಂಬಿಕೆ ಎಲ್ಲಿದೆ? ದೇವರ ಹೆಸರು ಬಂದಿಲ್ಲ, ಧರ್ಮದ ಸುದ್ದಿ ಇಲ್ಲ, ವಾಟ್ಸ್ಆ್ಯಪ್ ಇಲ್ಲ. ಇರುವುದು ಎರಡು ದಿನದ ಕೂಲಿಯ ಲೆಕ್ಕ. ಆಶಾ ಕಾರ್ಯಕರ್ತೆ ತನ್ನ ಪುಸ್ತಕದಲ್ಲಿ ಇದನ್ನು ಬರೆದುಕೊಳ್ಳಲು ಕಾಲಂ ಇಲ್ಲದ ಕಾರಣ 'ನಿರಾಕರಣೆ' ಎಂದು ಬರೆಯುತ್ತಾಳೆ. ತಾಲೂಕಿಗೆ ಹೋಗುವಾಗ ನಿರಾಕರಣೆ 'ಹಿಂಜರಿಕೆ'ಯಾಗುತ್ತದೆ. ಜಿಲ್ಲೆಗೆ ಹೋಗುವಾಗ 'ಅರಿವಿನ ಕೊರತೆ'. ಬೆಂಗಳೂರು ತಲುಪುವ ಹೊತ್ತಿಗೆ ಅಡಿಕೆ ಸುಲಿಯುವ ದೊಡ್ಡಮ್ಮ ವಿಜ್ಞಾನ ವಿರೋಧಿಯಾಗಿರುತ್ತಾಳೆ. ಅವಳಿಗಾಗಿಯೇ ಬೀದಿ ನಾಟಕದ ಬಿಲ್ಲು ಪಾಸಾಗುತ್ತದೆ.

ಉಣುಗು ಜಾತಿ ನೋಡುವುದಿಲ್ಲ ಎಂಬುದು ವೇದಿಕೆಯ ಮಾತು. ಚೆನ್ನಾಗಿಯೇ ನೋಡುತ್ತದೆ. ನವೆಂಬರಿನಿಂದ ಮೇವರೆಗೆ ಕಾಡಿಗೆ ಹೋಗಿ ದರಗು, ಅಂದರೆ ಒಣಗಿದ ಎಲೆ, ಗುಡಿಸುವವರು, ಸೌದೆ ಹೊರುವವರು, ದನ ಮೇಯಿಸುವವರು ಯಾರು ಎಂಬುದನ್ನು ಜಾತಿ ಮತ್ತು ಪಹಣಿ ಸೇರಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ. ಉಣುಗು ಆ ತೀರ್ಮಾನವನ್ನು ಚಾಚೂ ತಪ್ಪದೆ ಜಾರಿ ಮಾಡುತ್ತದೆ, ಅಷ್ಟೇ. ಕರಪತ್ರ ಹೇಳುವುದು 'ಕಾಡಿಗೆ ಹೋಗಬೇಡಿ'. ಯಾರಿಗೆ? ಎಕರೆಗಟ್ಟಲೆ ತೋಟವಿದ್ದವರಿಗೆ ಈ ಸಲಹೆ ಪಾಲಿಸುವುದು ಬಹಳ ಸುಲಭ. ಅವರ ದರಗು ಗುಡಿಸಲು ಬೇರೆಯವರು ಹೋಗುತ್ತಾರೆ.

ಸಂಸ್ಕೃತಿಯ ಮಾತು ನಿಜವಾಗಿ ಬೇಕಾದ ಕಡೆ ಅದು ಬರುವುದೇ ಇಲ್ಲ. ಶಿಕಾರಿಪುರದ ಊರದೇವರು ಹುಚ್ಚರಾಯಸ್ವಾಮಿ, ಅಂದರೆ ಆಂಜನೇಯ. ಮಲೆನಾಡಿನಲ್ಲಿ ಮಂಗ ಸತ್ತರೆ ಮನುಷ್ಯರಂತೆ ಹೂಹಾರ ಹಾಕಿ ಮಣ್ಣು ಮಾಡುವ ಊರುಗಳಿವೆ. ಕರಪತ್ರ 'ಸತ್ತ ಮಂಗವನ್ನು ಮುಟ್ಟಬೇಡಿ, ಇಲಾಖೆಗೆ ತಿಳಿಸಿ' ಎನ್ನುತ್ತದೆ. ಸರಿ, ತಿಳಿಸೋಣ. ಯಾವ ಇಲಾಖೆಗೆ? ಸತ್ತ ಜಾಗ ಅರಣ್ಯದವರದ್ದು, ಮರಣೋತ್ತರ ಪರೀಕ್ಷೆ ಪಶುಪಾಲನೆಯವರದ್ದು, ಊರವರಿಗೆ ಬರುವ ಜ್ವರ ಆರೋಗ್ಯದವರದ್ದು. ಮಂಗ ಸತ್ತ ಸುತ್ತ ಐವತ್ತು ಅಡಿ ಔಷಧಿ ಹೊಡೆಯಬೇಕು ಎಂಬ ನಿಯಮ ಇದೆ. ಹಾರ ತರುವ ಜನರನ್ನು ಕೂರಿಸಿಕೊಂಡು 'ಹಾರ ಹಾಕಿ, ಆದರೆ ಔಷಧಿ ಹೊಡೆದ ಮೇಲೆ, ಐವತ್ತು ಅಡಿ ದೂರದಿಂದ ಕೈ ಮುಗಿಯಿರಿ' ಎಂದು ಅರ್ಚಕರ ಬಾಯಿಂದಲೇ ಹೇಳಿಸಿದ್ದರೆ ಅದಕ್ಕಿಂತ ಸಂಸ್ಕೃತಿಗೆ ಒಪ್ಪುವ ಜಾಹೀರಾತು ಬೇರೆ ಬೇಕಿರಲಿಲ್ಲ. ಖರ್ಚೂ ಇಲ್ಲ. ಖರ್ಚಿಲ್ಲದ್ದಕ್ಕೆ ಟೆಂಡರು ಕರೆಯುವುದು ಹೇಗೆ ಎಂಬುದೊಂದೇ ತೊಡಕು.

ಅಧಿಕಾರ ದೂರವಿತ್ತು, ಹಿಂದುಳಿದ ತಾಲೂಕು, ಯಾರೂ ಕೇಳಲಿಲ್ಲ ಎಂಬ ನೆಪವೂ ಇಲ್ಲಿ ನಡೆಯುವುದಿಲ್ಲ. ಸೊರಬ ಎಸ್. ಬಂಗಾರಪ್ಪನವರನ್ನು ಕೊಟ್ಟಿತು, ಶಿಕಾರಿಪುರ ಬಿ.ಎಸ್. ಯಡಿಯೂರಪ್ಪನವರನ್ನು ಕೊಟ್ಟಿತು. ಅಕ್ಕಪಕ್ಕದ ಎರಡು ತಾಲೂಕು, ಇಬ್ಬರು ಮುಖ್ಯಮಂತ್ರಿಗಳು. ಲಸಿಕೆ ಶುರುವಾದ 1990ರಲ್ಲೇ ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಅರಳಗೋಡಿನ ಸಾವುಗಳಾದ ವರ್ಷವೇ, 2019ರ ಜುಲೈಯಲ್ಲಿ, ಯಡಿಯೂರಪ್ಪನವರು ನಾಲ್ಕನೇ ಸಲ ಪ್ರಮಾಣವಚನ ತೆಗೆದುಕೊಂಡರು. ಇಂಥ ಪ್ರಭಾವಿ ನೆಲದಲ್ಲಿ ಆರು ದಶಕಕ್ಕೂ ಮಿಕ್ಕಿ ಬಾಳಿದ ಮೂರನೆಯ ಪ್ರಭಾವಿ ಕ್ಯಾಸನೂರಿನ ವೈರಸ್. ಪಕ್ಷ ಬದಲಿಸದೆ, ಕ್ಷೇತ್ರ ಮಾತ್ರ ವಿಸ್ತರಿಸಿಕೊಂಡು ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹೋಗಿಬಂತು.

ಯಡಿಯೂರಪ್ಪನವರ ಹೆಸರು ಬಂದದ್ದಕ್ಕೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಕೊರೊನಾ ಕಾಲದ 2020ರ ಏಪ್ರಿಲ್ ನೆನಪಿಸಿಕೊಳ್ಳಿ. ದೆಹಲಿಯ ತಬ್ಲೀಗಿ ಸಭೆಯ ಸುದ್ದಿ ಹಿಡಿದು ಟೀವಿಗಳು ಇಡೀ ಮುಸ್ಲಿಂ ಸಮುದಾಯವನ್ನೇ ವೈರಸ್ ಎಂದು ತೋರಿಸುತ್ತಿದ್ದ ದಿನಗಳು. ಹಣ್ಣಿನ ಗಾಡಿಯವನ ಹೆಸರು ಕೇಳಿ ಹಣ್ಣು ಕೊಳ್ಳುವ ಹೊಸ ಆರೋಗ್ಯ ಪದ್ಧತಿ ಬಂದಿತ್ತು. ಪಕ್ಕದ ಹೊನ್ನಾಳಿಯ ಶಾಸಕರು, ತಪಾಸಣೆಗೆ ಬಾರದ ತಬ್ಲೀಗಿಗಳಿಗೆ ಗುಂಡಿಟ್ಟರೂ ತಪ್ಪಿಲ್ಲ ಎಂಬರ್ಥದ ಮಾತಾಡಿದ ಕಾಲ ಅದು. ಅದೇ ದಿನಗಳಲ್ಲಿ ಶಿಕಾರಿಪುರದ ಶಾಸಕರೂ ರಾಜ್ಯದ ಮುಖ್ಯಮಂತ್ರಿಯೂ ಆಗಿದ್ದವರು ಟೀವಿಯಲ್ಲಿ ಕೂತು, ಯಾರೋ ಒಬ್ಬರು ಮಾಡಿದ್ದಕ್ಕೆ ಇಡೀ ಮುಸ್ಲಿಂ ಸಮುದಾಯವನ್ನು ದೂರುವವರ ಮೇಲೆ ಕ್ರಮ ಜರುಗಿಸುತ್ತೇನೆ ಎಂದು ಎಚ್ಚರಿಸಿದರು. ಅವರ ಪಕ್ಷದವರಿಗೇ ಅದು ಗಂಟಲಲ್ಲಿ ಸಿಕ್ಕಿತು. ಆ ಒಂದು ಮಾತಿಗೆ ವಿನ್ಯಾಸಕಾರ ಇರಲಿಲ್ಲ, ಟೋಪಿ ಹಾಕಿದ ಮಗು ಇರಲಿಲ್ಲ, ಅರ್ಧಚಂದ್ರ ಇರಲಿಲ್ಲ. ಅಲ್ಪಸಂಖ್ಯಾತರಿಗಾಗಿ ರಾಜ್ಯ ಸರ್ಕಾರ ಆ ವರ್ಷ ಹೊರಡಿಸಿದ ಅತ್ಯುತ್ತಮ ಆರೋಗ್ಯ ಜಾಹೀರಾತು ಅದೇ ಎಂಬುದು ನನ್ನ ಅಂಬೋಣ. ದುರದೃಷ್ಟವೆಂದರೆ ಅದು ಒಂದೇ ಸಲ ಪ್ರಸಾರವಾಯಿತು. ದ್ವೇಷದ ಜಾಹೀರಾತು ಇಪ್ಪತ್ತನಾಲ್ಕು ಗಂಟೆಯೂ ಓಡುತ್ತಿತ್ತು, ಅದೂ ಪುಕ್ಕಟೆ.

ಮರುವರ್ಷ ಅದೇ ಜನರ ಬಾಗಿಲಿಗೆ ಹೋಗಿ 'ಲಸಿಕೆ ತಗೊಳ್ಳಿ, ಹೆದರಬೇಡಿ, ನಾವಿದ್ದೇವೆ' ಎಂದರು. ವರ್ಷದ ಹಿಂದೆ 'ನೀವೇ ರೋಗ' ಎನಿಸಿಕೊಂಡವರು ಬಾಗಿಲು ಅರ್ಧ ತೆರೆದು ಒಂದು ಕ್ಷಣ ಯೋಚಿಸಿದರೆ ಅದಕ್ಕೆ ಹಿಂಜರಿಕೆ ಎಂಬ ಹೆಸರು. ನನಗೆ ಅದು ನೆನಪಿನ ಶಕ್ತಿ ಎನಿಸುತ್ತದೆ. ಇನ್ನೊಂದು ಕಡೆ ಹಾಕಿಸಿಕೊಳ್ಳಲು ಓಡಿಬಂದವರ ಕಥೆ ಬೇರೆ. 2021ರ ಮೇ ತಿಂಗಳಲ್ಲಿ ಆಸ್ಪತ್ರೆಯ ಗೇಟಿಗೆ 'ಲಸಿಕೆ ಇಲ್ಲ' ಎಂಬ ಬೋರ್ಡು, ಫೋನಿನೊಳಗೆ 'ಲಸಿಕೆ ಹಾಕಿಸಿಕೊಳ್ಳಿ' ಎಂಬ ಹಾಡು. ಲಸಿಕೆಯೇ ಇಲ್ಲದಾಗ ಈ ಕಾಲರ್ ಟ್ಯೂನ್ ಯಾಕೆ ಎಂದು ಕೊನೆಗೆ ದೆಹಲಿ ಹೈಕೋರ್ಟೇ ಕೇಳಬೇಕಾಯಿತು. ಚುಚ್ಚಿಸಿಕೊಂಡವರ ಕೈಗೆ ಬಂದ ಪ್ರಮಾಣಪತ್ರದಲ್ಲಿ ಪ್ರಧಾನಿಯವರ ಭಾವಚಿತ್ರ. ತೋಳು ನಮ್ಮದು, ಫೋಟೊ ಅವರದ್ದು.

ಸಮುದಾಯದ ಮನಸ್ಸು ಗೆದ್ದ ಪ್ರಚಾರ ಈ ದೇಶದಲ್ಲಿ ಆಗಿಯೇ ಇಲ್ಲವೇ? ಆಗಿದೆ. ಪೋಲಿಯೊ ನೋಡಿ. ಪಶ್ಚಿಮ ಉತ್ತರಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ ಹನಿ ಹಾಕಲು ಹೋದವರಿಗೆ ಬಾಗಿಲು ಮುಚ್ಚುತ್ತಿದ್ದ ಕಾಲವಿತ್ತು. ಅಮಿತಾಭ್ ಬಚ್ಚನ್ ಟೀವಿಯಲ್ಲಿ ಗದರಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಟೀವಿಯಲ್ಲಿ ಬಾರದ್ದು ಬೇರೆ ಇದೆ. ಅದೇ ಓಣಿಯ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡರು. ಮಸೀದಿಯ ಇಮಾಮರ ಜೊತೆ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಮತ್ತು ಜಾಮಿಯಾದ ವಿದ್ವಾಂಸರ ಜೊತೆ ಕೂತು ಮಾತಾಡಿದರು. 'ಪ್ರತಿ ತಿಂಗಳು ಹನಿ ಹಾಕಲು ಬರ್ತೀರಿ, ಚರಂಡಿ ಕಟ್ಟಿಕೊಂಡು ಮಗು ಭೇದಿಯಿಂದ ಸಾಯುವಾಗ ಯಾಕೆ ಬರಲ್ಲ?' ಎಂಬ ಪ್ರಶ್ನೆ ಕೇಳಿಬಂತು. ಅದನ್ನು ವದಂತಿ ಎನ್ನದೆ ಸಮಸ್ಯೆ ಎಂದು ಒಪ್ಪಿಕೊಂಡು, ಅತಿ ಅಪಾಯದ 107 ಬ್ಲಾಕುಗಳಲ್ಲಿ ಹನಿಯ ಜೊತೆಗೆ ನೈರ್ಮಲ್ಯ, ಭೇದಿಯ ಚಿಕಿತ್ಸೆ, ಉಳಿದ ಲಸಿಕೆಗಳನ್ನೂ ಸೇರಿಸಿ ಯೋಜನೆ ಮಾಡಿದರು. ದೇಶದ ಕೊನೆಯ ಪ್ರಕರಣ 2011ರ ಜನವರಿ 13ರದ್ದು, ಹೌರಾದಲ್ಲಿ. ಅಲ್ಲಿ ಗೆದ್ದದ್ದು ಬರೀ ಗದರಿಕೆಯಲ್ಲ. ನಿನ್ನೆ ಬಂದ ಮುಖವೇ ನಾಳೆಯೂ ಬಂದು, ಕೇಳಿದ ಪ್ರಶ್ನೆಗೆ ಉತ್ತರ ತಂದದ್ದು.

ನಮ್ಮ ಊರುಗಳಲ್ಲಿ ಹಾಗೆ ಮತ್ತೆಮತ್ತೆ ಬರುವ ಮುಖ ಯಾವುದು? ಆಶಾ ಕಾರ್ಯಕರ್ತೆಯದು. ಯಾವ ಮನೆಯಲ್ಲಿ ಯಾರಿಗೆ ಜ್ವರ, ಯಾವ ಸೊಸೆಗೆ ಎಷ್ಟು ತಿಂಗಳು, ಯಾವ ತಾತ ಮಾತ್ರೆಯನ್ನು ಬಾವಿಕಟ್ಟೆಯ ಹಿಂದೆ ಎಸೆಯುತ್ತಾನೆ, ಎಲ್ಲ ಅವಳಿಗೆ ಗೊತ್ತು. ಶಿರಾಳಕೊಪ್ಪದ ಓಣಿಗೂ ತಾಂಡಾಕ್ಕೂ ಸೊರಬದ ಆನವಟ್ಟಿಯ ಕೇರಿಗೂ ಬೇರೆಬೇರೆ ಫ್ಲೆಕ್ಸು ಬೇಕಾದೀತು, ಆದರೆ 'ಆಪಾ, ಸ್ವಲ್ಪ ನೀರು ಕೊಡಿ' ಎಂದು ಹೊಸ್ತಿಲಲ್ಲಿ ಕೂರುವ ಆಶಾಗೆ ಬೇರೆ ವೇಷ ಬೇಕಿಲ್ಲ. 2020ರ ಜುಲೈಯಲ್ಲಿ, ಕೊರೊನಾ ಏರುಮುಖದಲ್ಲಿದ್ದಾಗ, ರಾಜ್ಯದ ಸುಮಾರು 42 ಸಾವಿರ ಆಶಾಗಳು ತಿಂಗಳಿಗೆ 12 ಸಾವಿರ ರೂಪಾಯಿ ನಿಶ್ಚಿತ ಗೌರವಧನ ಕೊಡಿ ಎಂದು ಮುಷ್ಕರ ಹೂಡಬೇಕಾಯಿತು. ಸರ್ಕಾರ ಅವರ ಮೇಲೆ ಹೂಮಳೆ ಸುರಿಸಿತ್ತು, ಚಪ್ಪಾಳೆ ತಟ್ಟಿತ್ತು. ಗೌರವ ಧಾರಾಳವಾಗಿತ್ತು, ಧನದ ವಿಷಯ ಕಡತದಲ್ಲಿತ್ತು. ನಂಬಿಕೆಯನ್ನು ಮನೆಮನೆಗೆ ಹೊತ್ತು ಹಾಕುವ ಹೆಂಗಸಿಗೆ ಸಂಬಳ ಕೊಡಲು ಬಜೆಟ್ ಇರಲಿಲ್ಲ, ನಂಬಿಕೆಯ ಚಿತ್ರ ಮುದ್ರಿಸಲು ಇತ್ತು.

ಇಷ್ಟಾಗಿಯೂ ಸೊರಬ, ಶಿಕಾರಿಪುರದ ಜನರನ್ನು ಅಪನಂಬಿಕೆಯವರು ಎನ್ನುವವರಿಗೆ ನನ್ನದೊಂದು ಸಲಾಮು. ಇವರು ನಂಬಿದ್ದರಲ್ಲಿ ಕಡಿಮೆಯೇನಿದೆ? ಮೊದಲು ರಷ್ಯಾ ದಾಯಾದಿಯ ಲಸಿಕೆಗೆ ತೋಳು ಕೊಟ್ಟರು. ಆಮೇಲೆ ಹೆಬ್ಬಾಳದ ಲಸಿಕೆಗೆ ಮೂವತ್ತು ವರ್ಷ ಕೊಟ್ಟರು. ಊದಿದ ತೋಳಿನಲ್ಲೇ ಅಡಿಕೆ ಸುಲಿದರು. ಕೊಟ್ಟ ಎಣ್ಣೆ ಹಚ್ಚಿಕೊಂಡರು. ಲಸಿಕೆಯ ಕಸುವು ಇಳಿಯುತ್ತಿದೆ ಎಂಬುದು ಸಂಶೋಧನಾ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದಾಗಲೂ ಶಿಬಿರದಲ್ಲಿ ಸರದಿ ನಿಂತರು. ಆ ಪತ್ರಿಕೆಗಳು ಇಂಗ್ಲಿಷಿನಲ್ಲಿದ್ದವು, ಆನವಟ್ಟಿ ಸಂತೆಗೆ ಬರುತ್ತಿರಲಿಲ್ಲ. ನಂಬಿಕೆ ಕಳೆದುಕೊಂಡದ್ದು ಲಸಿಕೆಯೇ. ಹಾಗಿದ್ದರೂ ಕೌನ್ಸೆಲಿಂಗ್ ಜನರಿಗೆ. 'ಲಸಿಕೆ ಹಾಕಿಸಿಕೊಳ್ಳಿ' ಎಂದು ಊರೂರಿನಲ್ಲಿ ಮೈಕು ಕಟ್ಟಿದ ಆಟೋ ಓಡಿಸಿದವರು, 'ಇಷ್ಟು ದಿನ ಹಾಕಿದ್ದು ಈಗ ನಿಲ್ಲಿಸಿದ್ದೇವೆ, ಕಾರಣ ಇದು' ಎಂದು ಹೇಳಲು ಅದೇ ಆಟೋ ಕಳಿಸಿದ್ದನ್ನು ನಾನಂತೂ ಕಾಣಲಿಲ್ಲ. ಒಳ್ಳೆಯ ಸುದ್ದಿಗೆ ಡಂಗುರ, ಕೆಟ್ಟ ಸುದ್ದಿಗೆ ಸುತ್ತೋಲೆ.

ಈಗ ಹೊಸ ಲಸಿಕೆ ತಯಾರಾಗುತ್ತಿದೆ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಮಾಡುತ್ತಿವೆ. ಬರಲಿ, ಬೇಗ ಬರಲಿ, ಚೆನ್ನಾಗಿ ಕೆಲಸ ಮಾಡಲಿ. ಲಸಿಕೆ ಎಂಬ ವಿದ್ಯೆಯ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಸಿಡುಬು ಹೋದದ್ದು, ಪೋಲಿಯೊ ಹೋದದ್ದು ಅದರಿಂದಲೇ. ಆದರೆ ಲಸಿಕೆ ಬರುವ ಮೊದಲೇ ಅದರ ಜಾಹೀರಾತು ಬರುತ್ತದೆ ಎಂಬುದೂ ಖಾತ್ರಿ. ಹಾಗಾಗಿ ಕರಡೊಂದನ್ನು ನಾನೇ ಬರೆದಿಟ್ಟಿದ್ದೇನೆ. ಸಂಭಾವನೆ ಬೇಡ.

"ಈ ಸೂಜಿ ನೋಯಬಹುದು. ನೋವಿಗೆ ಕೆಲಸ ತಪ್ಪಿದರೆ ಆ ದಿನದ ಕೂಲಿ ಇಷ್ಟು, ಇಲ್ಲೇ ಪಡೆಯಿರಿ. ಶಿಬಿರ ಅಡಿಕೆ ಕೊಯ್ಲು ಮುಗಿದ ಮೇಲೆ ಅಲ್ಲ, ಕಾಡಿಗೆ ಹೋಗುವ ಕಾಲಕ್ಕೆ ಮೊದಲು, ಸಂಜೆ ಹೊತ್ತು, ನಿಮ್ಮ ಓಣಿಯಲ್ಲೇ. ಈ ಲಸಿಕೆ ಇಂತಿಷ್ಟು ಮಂದಿಯ ಮೇಲೆ ಪರೀಕ್ಷೆಯಾಗಿದೆ. ರಕ್ಷಣೆ ಇಷ್ಟು, ಪೂರ್ತಿ ಅಲ್ಲ. ಹಾಕಿಸಿಕೊಂಡ ಮೇಲೂ ಎಣ್ಣೆ ಹಚ್ಚಬೇಕು. ಆಮೇಲೆ ಜ್ವರ ಬಂದರೆ ಈ ಡಾಕ್ಟರು, ಈ ನಂಬರು, ರಾತ್ರಿಯೂ ಎತ್ತುತ್ತಾರೆ. ಮುಂದೆ ಯಾವತ್ತಾದರೂ ಲಸಿಕೆ ಪರೀಕ್ಷೆಯಲ್ಲಿ ಫೇಲಾದರೆ ಪತ್ರಿಕೆಯವರಿಗಿಂತ ಮೊದಲು ನಿಮಗೆ ಹೇಳುತ್ತೇವೆ."

ಇದನ್ನು ಒಬ್ಬ ಪರಿಚಯದ ವಿನ್ಯಾಸಕಾರರಿಗೆ ತೋರಿಸಿದೆ. ಓದಿ ತಲೆ ಕೆರೆದುಕೊಂಡರು. "ಸಾರ್, ಮ್ಯಾಟರ್ ಜಾಸ್ತಿ ಆಯ್ತು, ಫೋಟೊಗಳಿಗೆ ಜಾಗವೇ ಇಲ್ಲ" ಎಂದರು. ಮಗುವಿನ ಫೋಟೊ ಬೇಡ ಬಿಡಿ ಎಂದೆ. "ಮಗೂದಲ್ಲ ಸಾರ್" ಎಂದು ಮೇಲುಗಡೆ ಬೆರಳು ತೋರಿಸಿದರು. ಟೋಪಿ, ಕನ್ನಡಿ ಲಂಗ, ಕಂಬಳಿಯ ಮಾತೂ ಬಂತು. ಈ ಒಕ್ಕಣೆ ಮೂರೂ ಕಡೆಗೆ ನಡೆಯುತ್ತದೆ, ಕೂಲಿ ಹೋಗುವ ನೋವು ಮೂರೂ ಕಡೆ ಒಂದೇ ಎಂದೆ. ಹಾಗಾದರೆ ಇದನ್ನು 'ವಿಶೇಷ ಸಮುದಾಯ' ಶೀರ್ಷಿಕೆಯಡಿ ಬಿಲ್ಲು ಮಾಡಲು ಬರುವುದಿಲ್ಲ ಎಂದು ಕೈಚೆಲ್ಲಿದರು.

ಬಿಲ್ಲು ಹೇಗೋ ಆಗುತ್ತದೆ. ಹೊಸ ಲಸಿಕೆಯ ಪೆಟ್ಟಿಗೆ ಹೊತ್ತು ಸೊರಬದ ಕಾಡಂಚಿಗೆ ಹೋಗುವವರು ಉಳಿದ ಸಿದ್ಧತೆ ಏನು ಮಾಡಿಕೊಂಡರೂ ಬಿಟ್ಟರೂ ಒಂದು ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಲಿ. ಜಗುಲಿ ಹತ್ತುವ ಮೊದಲೇ ದೊಡ್ಡಮ್ಮ ಕೇಳುತ್ತಾಳೆ: "ಹೊಸ್ದು ಹಾಕ್ಸ್ಕಳನ ತಂಗಿ, ಅದಕ್ಕೇನು. ಹಳೇದು ಯಾಕ್ ನಿಲ್ಸಿದ್ರಿ, ಅದು ಹೇಳು ಮೊದ್ಲು."